ಗೆಜ್ಜೆಯೂ ಗಣಿತವೂ

ಎಸ್.ಎಸ್.ಎಲ್.ಸಿ. ಪರೀಕ್ಷೆಯ ವರ್ಷ ಬಂದಿತೆಂದರೆ ನಮ್ಮ ಪಟ್ಟಣಗಳ ಎಷ್ಟೋ ಮನೆಗಳಲ್ಲಿ ಒಂದು ಕಾರ್ಯವು ಸದ್ದಿಲ್ಲದೆ ನಡೆದುಹೋಗುತ್ತದೆ. ಏಳೆಂಟು ವರ್ಷಗಳ ಕಾಲ ಭರತನಾಟ್ಯವನ್ನು ಅಭ್ಯಾಸ ಮಾಡಿದ ಹುಡುಗಿಯ ಗೆಜ್ಜೆಗಳು ಪೆಟ್ಟಿಗೆಯನ್ನು ಸೇರುತ್ತವೆ. "ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ" ಎಂದು ತಂದೆ ಹೇಳುತ್ತಾರೆ, ತಾಯಿ ಮರುಮಾತಾಡುವುದಿಲ್ಲ. ಆ "ಆಮೇಲೆ" ಎಂಬ ದಿನವು ಬಹುಮಟ್ಟಿಗೆ ಬರುವುದೇ ಇಲ್ಲ. ಎಸ್.ಎಸ್.ಎಲ್.ಸಿ.ಯ ಬೆನ್ನಿಗೆ ಪಿ.ಯು.ಸಿ., ಅದರ ಬೆನ್ನಿಗೆ ಪ್ರವೇಶ ಪರೀಕ್ಷೆ, ಅದರ ಬೆನ್ನಿಗೆ ಪದವಿ, ಉದ್ಯೋಗ, ವಿವಾಹ. ಹುಡುಗಿಯು ಲೆಕ್ಕದಲ್ಲಿ ಜಾಣೆಯೆನಿಸಿಕೊಂಡಿದ್ದರಂತೂ ನೃತ್ಯಕ್ಕೆ ಉಳಿಗಾಲವಿಲ್ಲ. ಇನ್ನು ಕೆಲವು ಮನೆಗಳಲ್ಲಿ ಇದೇ ಅನ್ಯಾಯವು ತಲೆಕೆಳಗಾಗಿ ನಡೆಯುತ್ತದೆ. ನೃತ್ಯದಲ್ಲಿ ನಾಲ್ಕು ಜನರ ಬಾಯಿಂದ ಭೇಷ್ ಎನ್ನಿಸಿಕೊಂಡ ಹುಡುಗಿಗೆ "ನಿನಗೇಕೆ ಈ ಕಠಿಣವಾದ ಗಣಿತ?" ಎಂದು ಹೇಳಿ ಆಕೆಗೆ ಬೇಡದ ಸುಲಭ ವಿಷಯವೊಂದನ್ನು ಕೊಡಿಸುತ್ತಾರೆ.

ಈ ಎರಡು ಬಗೆಯ ಮನೆಗಳಲ್ಲಿಯೂ ಇರುವ ನಂಬಿಕೆ ಒಂದೇ. ಗಣಿತವು ಬುದ್ಧಿಯ ಕೆಲಸ, ನೃತ್ಯವು ಮೈಯ ಕೆಲಸ. ಒಂದು ಜೀವನೋಪಾಯ, ಇನ್ನೊಂದು ಅಲಂಕಾರ. ಎರಡನ್ನೂ ಹಿಡಿಯಹೊರಟವನು ಎರಡು ದೋಣಿಗಳ ಮೇಲೆ ಕಾಲಿಟ್ಟವನಂತೆ ನಡುನೀರಿನಲ್ಲಿ ಬೀಳುವನು ಎಂಬುದೇ ಆ ನಂಬಿಕೆ. ಇದು ಎಷ್ಟರಮಟ್ಟಿಗೆ ನಿಜ, ಎಷ್ಟರಮಟ್ಟಿಗೆ ನಮ್ಮ ಅಭ್ಯಾಸದೋಷ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಗಣಿತವನ್ನು ವೃತ್ತಿಯಾಗಿಯೂ ಶಾಸ್ತ್ರೀಯ ನೃತ್ಯವನ್ನು ಸಾಧನೆಯಾಗಿಯೂ ಒಂದೇ ಬಾಳಿನಲ್ಲಿ ಇರಿಸಿಕೊಳ್ಳುವುದು ಸಾಧ್ಯವೆಂದೂ, ಅದಕ್ಕೆ ಅಡ್ಡಬರುವುದು ಆ ವಿದ್ಯೆಗಳ ಸ್ವಭಾವಕ್ಕಿಂತ ಹೆಚ್ಚಾಗಿ ನಾವು ಏರ್ಪಡಿಸಿಕೊಂಡಿರುವ ವೇಳೆಯ ಕ್ರಮವೆಂದೂ ನಮ್ಮ ಅಭಿಪ್ರಾಯ. ಆದರೆ ಅದಕ್ಕೆ ತೆರಬೇಕಾದ ಬೆಲೆಯುಂಟು. ಆ ಬೆಲೆಯನ್ನು ಮರೆಮಾಚಿ ತರುಣರನ್ನು ಹುರಿದುಂಬಿಸುವುದು ನಮಗೆ ಸಮ್ಮತವಲ್ಲ.

ಮೊದಲು, ನೃತ್ಯದ ಪರವಾಗಿ ಆಡುವ ಒಂದು ದುರ್ಬಲವಾದ ವಾದವನ್ನು ಬದಿಗಿರಿಸಬೇಕು. "ನೃತ್ಯ ಕಲಿತರೆ ಲೆಕ್ಕದಲ್ಲಿ ಅಂಕಗಳು ಹೆಚ್ಚುತ್ತವೆ" ಎಂದು ಹೇಳಿ ಗೆಜ್ಜೆಯನ್ನು ಉಳಿಸಲು ನೋಡುವವರುಂಟು. ಇವರ ಉದ್ದೇಶ ಒಳ್ಳೆಯದಿರಬಹುದು. ಆದರೆ ಅಂಕಗಳಿಗಾಗಿ ಉಳಿದ ನೃತ್ಯವು ಅಂಕಗಳು ಕಡಮೆಯಾದ ದಿನವೇ ಹೋಗಬೇಕಾಗುತ್ತದೆ. ಒಂದು ವಿದ್ಯೆಗೆ ಇನ್ನೊಂದು ವಿದ್ಯೆಯ ಊಳಿಗದ ಕೆಲಸವನ್ನು ಕೊಡುವುದು ಆ ವಿದ್ಯೆಗೆ ಗೌರವವಲ್ಲ. ನೃತ್ಯವನ್ನು ಕಲಿಯತಕ್ಕದ್ದು ನೃತ್ಯಕ್ಕಾಗಿ, ಗಣಿತವನ್ನು ಓದತಕ್ಕದ್ದು ಗಣಿತಕ್ಕಾಗಿ. ಇವೆರಡಕ್ಕೂ ನಿಜವಾದ ಬಾಂಧವ್ಯವಿದ್ದರೆ ಅದು ತಾನಾಗಿಯೇ ತೋರಲಿ.

ಆ ಬಾಂಧವ್ಯವು ಉಂಟೆಂಬುದಕ್ಕೆ ನಟ್ಟುವನಾರರು ದಿನವೂ ಮಾಡುವ ಒಂದು ಲೆಕ್ಕವನ್ನೇ ನೋಡಬಹುದು. ಆದಿತಾಳದ ಒಂದು ಆವರ್ತಕ್ಕೆ ೮ ಎಣಿಕೆಗಳು, ಚತುರಶ್ರ ಗತಿಯಲ್ಲಿ ಒಂದೊಂದು ಎಣಿಕೆಗೆ ೪ ಮಾತ್ರೆಗಳು, ಒಟ್ಟು ೩೨. ಜತಿಯ ಕೊನೆಯಲ್ಲಿ ಒಂದೇ ಸೊಲ್ಲುಕಟ್ಟನ್ನು ಮೂರು ಸಲ ಹೇಳಿ ಮುಕ್ತಾಯ ಮಾಡುವುದು ಸಂಪ್ರದಾಯ. ಮೂರನೆಯ ಸಲ ಮುಗಿದೊಡನೆ ಕಾಲು ಸಮದ ಮೇಲೆ ಬೀಳಬೇಕು. ಒಂದು ಮಾತ್ರೆ ಹೆಚ್ಚಾದರೂ ಕಡಮೆಯಾದರೂ ಸಭೆಯಲ್ಲಿ ಮಾನ ಹೋಗುತ್ತದೆ. ಆದರೆ ೩೨ನ್ನು ಮೂರರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ. ಎರಡು ಆವರ್ತ ತೆಗೆದುಕೊಂಡರೆ ೬೪, ನಾಲ್ಕು ತೆಗೆದುಕೊಂಡರೆ ೧೨೮, ಅಲ್ಲಿಯೂ ಶೇಷವೇ. ಎರಡನ್ನು ಎರಡರಿಂದ ಎಷ್ಟು ಸಲ ಗುಣಿಸುತ್ತ ಹೋದರೂ ಬಂದ ಲಬ್ಧವು ಮೂರರಿಂದ ನಿಶ್ಶೇಷವಾಗಿ ಭಾಗವಾಗುವುದಿಲ್ಲವೆಂಬುದು ಗಣಿತದ ನಿಯಮ. ಆದುದರಿಂದ ಇಲ್ಲಿ ಸೊಲ್ಲುಗಳ ನಡುವೆ ಕಾರ್ವೆಗಳನ್ನು, ಎಂದರೆ ತಡೆದು ನಿಲ್ಲುವ ಮಾತ್ರೆಗಳನ್ನು, ಇಡಬೇಕಾಗುತ್ತದೆ. ಮೂರು ಸೊಲ್ಲುಕಟ್ಟುಗಳಿಗೆ ನಡುವೆ ಎರಡು ಕಾರ್ವೆಗಳು. ಸೊಲ್ಲುಕಟ್ಟು ೧೦ ಮಾತ್ರೆಗಳದಾದರೆ ಕಾರ್ವೆ ೧; ೮ ಮಾತ್ರೆಗಳದಾದರೆ ಕಾರ್ವೆ ೪; ೬ ಆದರೆ ಕಾರ್ವೆ ೭. ಸೊಲ್ಲುಕಟ್ಟು ಬೆಸಸಂಖ್ಯೆಯದಾದರೆ, ಒಡೆಯದ ಪೂರ್ಣಮಾತ್ರೆಗಳ ಸಮನಾದ ಕಾರ್ವೆಗಳನ್ನಿಟ್ಟು ಈ ೩೨ರೊಳಗೆ ಅದನ್ನು ಕೂಡಿಸಲಾಗದು.

ಎರಡು ಅವ್ಯಕ್ತ ಸಂಖ್ಯೆಗಳು, ಒಂದೇ ಸಮೀಕರಣ, ಉತ್ತರವು ಪೂರ್ಣಾಂಕದಲ್ಲಿಯೇ ಬರಬೇಕು: ಇಂತಹ ಲೆಕ್ಕಗಳಿಗೆ ನಮ್ಮ ಗಣಿತಶಾಸ್ತ್ರದಲ್ಲಿ ಕುಟ್ಟಕವೆಂದು ಹೆಸರು. ಆರ್ಯಭಟನು ೪೯೯ರಲ್ಲಿ ಇದರ ಕ್ರಮವನ್ನು ಹೇಳಿದನು. ಭಾಸ್ಕರಾಚಾರ್ಯನು ಲೀಲಾವತಿಯಲ್ಲಿ ವಿಸ್ತರಿಸಿದನು. ಶಾಲೆಯ ಮೆಟ್ಟಿಲನ್ನು ಹತ್ತದ ನಟ್ಟುವನಾರನು ತಾಳವನ್ನು ತಟ್ಟುತ್ತಲೇ ಈ ಜಾತಿಯ ಲೆಕ್ಕಗಳನ್ನು ಮನಸ್ಸಿನಲ್ಲಿ ಬಿಡಿಸುತ್ತಿದ್ದನು. ತಿಶ್ರ, ಚತುರಶ್ರ, ಖಂಡ, ಮಿಶ್ರ, ಸಂಕೀರ್ಣಗಳೆಂಬ ೩, ೪, ೫, ೭, ೯ರ ಐದು ಜಾತಿಗಳನ್ನು ಸಪ್ತತಾಳಗಳಿಗೆ ಹೊಂದಿಸಿದರೆ ೩೫ ತಾಳಗಳು. ಆ ೩೫ಕ್ಕೆ ಐದು ಗತಿಗಳನ್ನು ಸೇರಿಸಿದರೆ ೧೭೫. ಇವುಗಳಲ್ಲಿ ಯಾವುದನ್ನು ಕೊಟ್ಟರೂ ಅದರೊಳಗೆ ಮುಕ್ತಾಯವನ್ನು ಕೂಡಿಸಬಲ್ಲವನನ್ನು ನಾವು "ಕುಣಿಸುವವನು" ಎಂದಷ್ಟೇ ಕರೆದು ಸುಮ್ಮನಾದೆವು.

ಇದಕ್ಕಿಂತಲೂ ಆಳವಾದ ಸಂಬಂಧವೊಂದು ಪ್ರಸ್ತಾರದಲ್ಲಿದೆ. ಹಳಗನ್ನಡ ಕಾವ್ಯವನ್ನು ಓದಿದ ವಾಚಕರಿಗೆ ಕಂದಪದ್ಯದ ನಾಲ್ಕು ಮಾತ್ರೆಯ ಗಣವು ಪರಿಚಿತವಾದುದೇ. ಲಘು ಗುರುಗಳಿಂದ ಆ ನಾಲ್ಕು ಮಾತ್ರೆಗಳನ್ನು ಐದು ಬಗೆಯಾಗಿ ತುಂಬಬಹುದು, ಆರನೆಯ ಬಗೆಯಿಲ್ಲ. ಮೂರು ಮಾತ್ರೆಗಳಿಗೆ ಮೂರು ಬಗೆ, ಐದಕ್ಕೆ ಎಂಟು, ಆರಕ್ಕೆ ಹದಿಮೂರು. ಹಿಂದಿನ ಎರಡು ಸಂಖ್ಯೆಗಳನ್ನು ಕೂಡಿದರೆ ಮುಂದಿನದು ಬರುತ್ತದೆ. ಈ ನಿಯಮವನ್ನು ಛಂದಶ್ಶಾಸ್ತ್ರಜ್ಞನಾದ ವಿರಹಾಂಕನು ತಿಳಿದಿದ್ದನು. ೧೨ನೆಯ ಶತಮಾನದಲ್ಲಿ ಹೇಮಚಂದ್ರನು ಸ್ಪಷ್ಟವಾಗಿ ಹೇಳಿದನು. ಇಟಲಿಯ ಫಿಬೊನಾಚಿಯು ಇದೇ ಸಂಖ್ಯೆಗಳನ್ನು ತನ್ನ ಗ್ರಂಥದಲ್ಲಿ ಬರೆದುದು ೧೨೦೨ರಲ್ಲಿ.

ಛಂದಸ್ಸಿನ ಈ ವಿಚಾರವನ್ನು ತಾಳಕ್ಕೆ ತಂದವನು ಸಂಗೀತರತ್ನಾಕರವನ್ನು ಬರೆದ ಶಾರ್ಙ್ಗದೇವ. ತಾಳದ ಅಂಗಗಳು ಎರಡಲ್ಲ, ನಾಲ್ಕು: ದ್ರುತ, ಲಘು, ಗುರು, ಪ್ಲುತ. ದ್ರುತವನ್ನು ಒಂದೆಂದು ಹಿಡಿದರೆ ಇವು ಕ್ರಮವಾಗಿ ೧, ೨, ೪, ೬. ಇವುಗಳಿಂದ ಇಂತಿಷ್ಟು ಕಾಲವನ್ನು ಎಷ್ಟು ಬಗೆಯಾಗಿ ತುಂಬಬಹುದು? ಮೂರು ದ್ರುತಗಳ ಕಾಲಕ್ಕೆ ೩ ಬಗೆ, ನಾಲ್ಕಕ್ಕೆ ೬, ಐದಕ್ಕೆ ೧೦, ಆರಕ್ಕೆ ೧೯, ಏಳಕ್ಕೆ ೩೩, ಎಂಟಕ್ಕೆ ೬೦. ಪಟ್ಟಿಯಲ್ಲಿ ಇಂತಿಷ್ಟನೆಯ ತಾಳದ ರೂಪ ಯಾವುದು ಎಂದು ಕೇಳಿದರೆ ಉತ್ತರ ಹೇಳುವುದಕ್ಕೆ ನಷ್ಟವೆಂದು ಹೆಸರು. ಈ ರೂಪವು ಪಟ್ಟಿಯಲ್ಲಿ ಎಷ್ಟನೆಯದು ಎಂಬುದಕ್ಕೆ ಉದ್ದಿಷ್ಟವೆಂದು ಹೆಸರು. ಪಟ್ಟಿಯನ್ನು ಬರೆಯದೆಯೇ ಎರಡನ್ನೂ ಕಂಡುಹಿಡಿಯುವ ಕ್ರಮವನ್ನು ಶಾರ್ಙ್ಗದೇವನು ಕೊಟ್ಟಿದ್ದಾನೆ. ಅವನ ಗ್ರಂಥದಲ್ಲಿ ಏಳು ಅಧ್ಯಾಯಗಳು. ಈ ಲೆಕ್ಕಗಳಿರುವ ತಾಳಾಧ್ಯಾಯವು ಐದನೆಯದು, ಏಳನೆಯದು ನರ್ತನಾಧ್ಯಾಯ. ಅಲ್ಲಿ ತಲೆಯ, ಕಣ್ಣಿನ, ಕೈಯ, ಕಾಲಿನ ಒಂದೊಂದು ಚಲನೆಯನ್ನೂ ಅದೇ ಲೇಖನಿಯಿಂದ, ಅದೇ ನಿಷ್ಕೃಷ್ಟತೆಯಿಂದ ಬರೆದಿದ್ದಾನೆ.

ನಮ್ಮ ವಾಚಕರಲ್ಲಿ ಅಧಿಕಾರಿಗಳಾದವರು ಅನೇಕರಿರುವುದರಿಂದ ಇನ್ನೊಂದು ಸಂಗತಿಯನ್ನು ತಿಳಿಸುವುದು ಯುಕ್ತ. ಈ ಶಾರ್ಙ್ಗದೇವನ ಉದ್ಯೋಗವೇನು? ೧೩ನೆಯ ಶತಮಾನದ ಪೂರ್ವಾರ್ಧದಲ್ಲಿ ದೇವಗಿರಿಯನ್ನಾಳಿದ ಸೇವುಣರ ಸಿಂಘಣನ ಆಸ್ಥಾನದಲ್ಲಿ ಅವನು ಶ್ರೀಕರಣದ ಮುಖ್ಯಸ್ಥ. ಎಂದರೆ ರಾಜ್ಯದ ಲೆಕ್ಕಪತ್ರಗಳ ಅಧಿಕಾರಿ. ಹಗಲು ಬೊಕ್ಕಸದ ಲೆಕ್ಕ ನೋಡಿದವನು ತಾಳದ ಪ್ರಸ್ತಾರವನ್ನೂ ನರ್ತಕಿಯ ಕರಣಗಳನ್ನೂ ವಿಚಾರಿಸಿದನು. ಯಾವ ಸಿಂಘಣನ ಶಾಸನಗಳನೇಕವು ಕನ್ನಡದಲ್ಲಿವೆಯೋ ಅದೇ ಸಿಂಘಣನ ಆಸ್ಥಾನದಲ್ಲಿ ಭಾಸ್ಕರಾಚಾರ್ಯನ ಮೊಮ್ಮಗನಾದ ಚಂಗದೇವನು ಜ್ಯೋತಿಷಿಯಾಗಿದ್ದು, ಅಜ್ಜನ ಗ್ರಂಥಗಳ ಅಧ್ಯಯನಕ್ಕಾಗಿ ಮಠವನ್ನು ಸ್ಥಾಪಿಸಿದನೆಂದು ಖಾನದೇಶದ ಪಾಟಣದ ಶಾಸನವು ಹೇಳುತ್ತದೆ. ಮುಂದೆ ಸಂಗೀತರತ್ನಾಕರಕ್ಕೆ ಪ್ರಸಿದ್ಧವಾದ ವ್ಯಾಖ್ಯಾನವನ್ನು ಬರೆದ ಕಲ್ಲಿನಾಥನು ೧೫ನೆಯ ಶತಮಾನದ ವಿಜಯನಗರದವನು. ಹೀಗೆ ಗಣಿತಕ್ಕೂ ನೃತ್ಯಕ್ಕೂ ಒಂದೇ ಚಾವಡಿಯಲ್ಲಿ ಸ್ಥಳವಿತ್ತು.

ಈ ಸಂಗತಿಗಳನ್ನು ನಾವು ಎತ್ತಿ ಹೇಳಿದುದು ಪೂರ್ವಜರೇ ಎಲ್ಲವನ್ನೂ ಬಲ್ಲವರಾಗಿದ್ದರೆಂದು ಮೀಸೆ ತಿರುವುವುದಕ್ಕಲ್ಲ. ಎಣಿಕೆ ಬಲ್ಲವರು ಕುಣಿತವನ್ನು ಅಸಡ್ಡೆ ಮಾಡುವುದು ಈ ನಾಡಿನ ಹಳೆಯ ಪದ್ಧತಿಯಲ್ಲವೆಂದು ತೋರಿಸುವುದಕ್ಕೆ. ಆದರೆ ಆ ಹೆಮ್ಮೆಯ ನಡುವೆ ನಾವು ಮರೆಯಬಾರದ ಒಂದು ಋಣವೂ ಉಂಟು. ಈ ವಿದ್ಯೆಯನ್ನು ದೇಹದಲ್ಲಿ ಉಳಿಸಿಕೊಂಡು ಬಂದವರು ದೇವಾಲಯಗಳ ಮತ್ತು ಆಸ್ಥಾನಗಳ ವಂಶಪಾರಂಪರ್ಯ ಕಲಾವಿದೆಯರು, ಅವರ ನಟ್ಟುವನಾರರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದ ತಂಜಾವೂರಿನ ಚಿನ್ನಯ್ಯನು, ತನ್ನ ಸಹೋದರರಾದ ಪೊನ್ನಯ್ಯ, ಶಿವಾನಂದಂ, ವಡಿವೇಲು ಇವರೊಡನೆ ಇಂದಿನ ನೃತ್ಯಪ್ರಯೋಗದ ಕ್ರಮವನ್ನು ರೂಪಿಸಿದವನು. ೧೯೪೭ರಲ್ಲಿ ಮದರಾಸು ಶಾಸನಸಭೆಯು ದೇವದಾಸಿ ನಿಷೇಧದ ಕಾನೂನನ್ನು ಮಾಡಿತು. ಹೆಣ್ಣುಮಕ್ಕಳನ್ನು ಆ ಶೋಷಣೆಯಿಂದ ಬಿಡಿಸಬೇಕಾದುದು ನ್ಯಾಯವೇ. ಆದರೆ ಅವರ ವಿದ್ಯೆಯು ಗೌರವಸ್ಥರ ಮನೆಗಳನ್ನು ಸೇರಿದಾಗ ಆ ವಿದ್ಯೆಯ ಯಶಸ್ಸಿನಲ್ಲಿ ಅವರಿಗೆ ಪಾಲು ಸಿಕ್ಕಿತೇ? ಇಂದು ಗಣಿತದ ಪದವೀಧರೆಯೊಬ್ಬಳು ತಾಳದ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದು ಮೆಚ್ಚುಗೆಯನ್ನು ಪಡೆಯುವಾಗ, ಆ ಲೆಕ್ಕವನ್ನು ಬರೆಯದೆ ಬಲ್ಲವರಾಗಿದ್ದ ಇವರ ಹೆಸರನ್ನು ಹೇಳಿ ಮುಂದುವರಿಯುವುದು ಧರ್ಮ.

ಇಷ್ಟು ಹೇಳಿದ ಮೇಲೆ, ನೃತ್ಯವೇ ಗಣಿತ, ಗಣಿತವೇ ನೃತ್ಯ ಎಂದು ಬಿಡುವ ಭ್ರಾಂತಿಗೂ ನಾವು ಎಡೆಗೊಡೆವು. ಲೆಕ್ಕ ತಪ್ಪದೆ ಕುಣಿದವಳೆಲ್ಲ ನರ್ತಕಿಯಲ್ಲ. ಮೈಸೂರಿನ ಜಟ್ಟಿ ತಾಯಮ್ಮನವರೂ ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರೂ (೧೯೦೬–೨೦೦೨) ಹೆಸರಾದುದು ಅಭಿನಯಕ್ಕೆ. ಒಂದು ಪದದ ಒಂದೇ ಸಾಲಿಗೆ ಕಣ್ಣು ಹುಬ್ಬುಗಳಿಂದ ಹತ್ತು ಅರ್ಥಗಳನ್ನು ತೋರುವ ಆ ಶಕ್ತಿಯನ್ನು ಯಾವ ಪ್ರಸ್ತಾರವೂ ಎಣಿಸಿಕೊಡಲಾರದು. ಹಾಗೆಯೇ ಲೆಕ್ಕ ತಪ್ಪದೆ ಕೂಡಿದವನೆಲ್ಲ ಗಣಿತಜ್ಞನಲ್ಲ. ಗಣಿತಜ್ಞನ ಕೆಲಸವು ಉಪಪತ್ತಿ. ಇದು ಹೀಗೆಯೇ ಏಕೆ, ಬೇರೆ ಹೇಗೂ ಏಕಾಗದು ಎಂಬುದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಸ್ಥಾಪಿಸುವುದು. ಎರಡು ವಿದ್ಯೆಗಳ ನಿಜವಾದ ಸಾಮ್ಯವು ಎಣಿಕೆಗಿಂತಲೂ ಶಿಸ್ತಿನಲ್ಲಿದೆ. ಅರೆಮಂಡಿಯಲ್ಲಿ ಕುಳಿತು ಒಂದೇ ಅಡವನ್ನು ಮೂರು ಕಾಲಗಳಲ್ಲಿ ನೂರು ಸಲ ಮಾಡಿದ ಹುಡುಗಿಗೆ, ಒಂದೇ ಸಿದ್ಧಾಂತದ ಮುಂದೆ ಮೂರು ತಿಂಗಳು ಕುಳಿತು ಬರಿಗೈಯಲ್ಲಿ ಏಳುವುದರ ಅರ್ಥ ತಿಳಿಯುತ್ತದೆ. ಎರಡರಲ್ಲಿಯೂ ನೆಪಕ್ಕೆ ಸ್ಥಳವಿಲ್ಲ. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯು ಗಣಿತದ ತರಗತಿಗೂ ಸಲ್ಲುತ್ತದೆ.

ಇದೆಲ್ಲ ಶಾಸ್ತ್ರದ ಮಾತಾಯಿತು. ಬದುಕಿ ತೋರಿಸಿದವರು ಯಾರಿದ್ದಾರೆ ಎಂದು ಕೇಳುವುದು ನ್ಯಾಯ. ಬೆಂಗಳೂರಿನವರಿಗೆ ದೂರ ಹುಡುಕಬೇಕಾಗಿಲ್ಲ. ಯು. ಎಸ್. ಕೃಷ್ಣರಾವ್ (೧೯೧೨–೨೦೦೫) ಅವರು ಸೆಂಟ್ರಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅವರೇ ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರ ಶಿಷ್ಯರಾಗಿ, ಪತ್ನಿ ಚಂದ್ರಭಾಗಾದೇವಿಯವರೊಡನೆ ರಂಗದ ಮೇಲೆ ಭರತನಾಟ್ಯವನ್ನು ಪ್ರದರ್ಶಿಸಿದರು. ಆ ಕಲೆಯ ಪರಿಭಾಷೆಗೆ ಇಂಗ್ಲಿಷಿನಲ್ಲಿ ನಿಘಂಟನ್ನು ರಚಿಸಿದರು. ಗೃಹಸ್ಥನಾದ ಪುರುಷನು ಗೆಜ್ಜೆ ಕಟ್ಟಿದರೆ ಜನರು ಮುಸಿಮುಸಿ ನಗುತ್ತಿದ್ದ ಕಾಲದಲ್ಲಿ, ಬೆಳಗ್ಗೆ ವಿದ್ಯಾರ್ಥಿಗಳೆದುರು ನಿಲ್ಲಬೇಕಾದ ಅಧ್ಯಾಪಕರೊಬ್ಬರು ಹೀಗೆ ಮಾಡಿದುದು ಸಣ್ಣ ಧೈರ್ಯವಲ್ಲ. ಆಡಳಿತದ ಕಡೆಯಿಂದ ಹೇಳುವುದಾದರೆ, ಹೈದರಾಬಾದಿನ ಆನಂದಾ ಶಂಕರ್ ಜಯಂತ್ ಅವರು ರೈಲ್ವೆ ಸಂಚಾರ ಸೇವೆಯ ಅಧಿಕಾರಿಯಾಗಿದ್ದುಕೊಂಡೇ ಭರತನಾಟ್ಯ ಕೂಚಿಪುಡಿಗಳಲ್ಲಿ ಹೆಸರು ಗಳಿಸಿದರು. ೨೦೦೭ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು.

ಗಣಿತದವರನ್ನೇ ತೆಗೆದುಕೊಂಡರೆ, ನೃತ್ಯದ ಸೋದರಕಲೆಯಾದ ಸಂಗೀತದಲ್ಲಿ ನಿದರ್ಶನಗಳು ಸ್ಪಷ್ಟವಾಗಿವೆ. ಸಿ. ಎಸ್. ಶೇಷಾದ್ರಿ (೧೯೩೨–೨೦೨೦) ಅವರು ಎಂ. ಎಸ್. ನರಸಿಂಹನ್ ಅವರೊಡನೆ ೧೯೬೫ರಲ್ಲಿ ಪ್ರಕಟಿಸಿದ ಸಿದ್ಧಾಂತವು ಜಗತ್ತಿನ ಗಣಿತಜ್ಞರಲ್ಲಿ ಅವರಿಬ್ಬರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಚೆನ್ನೈ ಗಣಿತ ಸಂಸ್ಥೆಯನ್ನು ಕಟ್ಟಿ ಬೆಳೆಸಿದ ಅವರೇ ಕರ್ನಾಟಕ ಸಂಗೀತದಲ್ಲಿ ನುರಿತ ಗಾಯಕರೂ ಆಗಿದ್ದರು. ೨೦೧೪ರಲ್ಲಿ ಫೀಲ್ಡ್ಸ್ ಪದಕವನ್ನು ಪಡೆದ ಮಂಜುಲ್ ಭಾರ್ಗವ ಅವರಿಗೆ ತಾಯಿಯಿಂದ ಗಣಿತ, ಸಂಸ್ಕೃತ ವಿದ್ವಾಂಸರಾದ ಅಜ್ಜನಿಂದ ಛಂದಸ್ಸು, ಜೊತೆಗೆ ತಬಲಾ ವಾದನ, ಮೂರೂ ಎಳೆತನದಲ್ಲಿಯೇ ದೊರೆತವು. ಹೇಮಚಂದ್ರನ ಸಂಖ್ಯೆಗಳನ್ನು ಅವರು ಇಂದಿಗೂ ಮಾತ್ರೆಗಳ ಮೂಲಕವೇ ವಿವರಿಸುತ್ತಾರೆ. ನೃತ್ಯದ ಕಡೆಯಿಂದ ಗಣಿತವನ್ನು ಅರಸಿ ಬಂದವರೂ ಉಂಟು. ಚಂದ್ರಲೇಖಾ (೧೯೨೮–೨೦೦೬) ಅವರು ೧೯೮೯ರಲ್ಲಿ ಭಾಸ್ಕರಾಚಾರ್ಯನ ಲೀಲಾವತಿಯನ್ನೇ ವಸ್ತುವಾಗಿ ತೆಗೆದುಕೊಂಡು ಭರತನಾಟ್ಯದಲ್ಲಿ ಪ್ರಯೋಗವೊಂದನ್ನು ಕಟ್ಟಿದರು. ಏಳುನೂರು ವರ್ಷಗಳಿಗೂ ಮೀರಿ ವಿದ್ಯಾರ್ಥಿಗಳು ಬಾಯಿಪಾಠ ಮಾಡಿದ ಲೆಕ್ಕಗಳು ಅಂದು ಕಾಲಿನಿಂದ ಕೇಳಿಬಂದವು.

ಈಗ ಕಷ್ಟದ ಮಾತಿಗೆ ಬರೋಣ. ಎರಡು ವಿದ್ಯೆಗಳೂ ಯೌವನವನ್ನೇ ಕೇಳುತ್ತವೆ. ಫೀಲ್ಡ್ಸ್ ಪದಕವನ್ನು ನಲವತ್ತು ವಯಸ್ಸಿನೊಳಗಿನವರಿಗೆ ಮಾತ್ರ ಕೊಡುವುದೆಂಬ ನಿಯಮವೇ ಗಣಿತಲೋಕವು ತಾರುಣ್ಯದಿಂದ ಏನನ್ನು ನಿರೀಕ್ಷಿಸುತ್ತದೆಂಬುದನ್ನು ತಿಳಿಸುತ್ತದೆ. ನರ್ತಕಿಯ ಮೊಣಕಾಲುಗಳಿಗೂ ಅವುಗಳದೇ ಆದ ಅವಧಿಯುಂಟು. ಹದಿನೆಂಟರಿಂದ ಇಪ್ಪತ್ತೆಂಟರವರೆಗಿನ ವರ್ಷಗಳಲ್ಲಿ ಸ್ನಾತಕೋತ್ತರ ಪದವಿ, ಸಂಶೋಧನೆ, ಉದ್ಯೋಗ ಇವು ಒಂದು ಕಡೆ. ವಿದ್ವತ್ ಪರೀಕ್ಷೆ, ರಂಗಪ್ರವೇಶ, ಊರೂರ ಪ್ರದರ್ಶನಗಳು ಇನ್ನೊಂದು ಕಡೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬಂತೆ ಆಗುವ ಕಾಲವಿದು. ಈ ಹತ್ತು ವರ್ಷಗಳನ್ನು ದಾಟುವ ಉಪಾಯವೇ ನಮ್ಮ ಪ್ರಶ್ನೆಯ ತಿರುಳು.

ಇಲ್ಲಿ ಗಣಿತಕ್ಕೆ ಒಂದು ಅನುಕೂಲವಿದೆ. ಅದನ್ನು ಜನರು ಗಮನಿಸಿದಂತಿಲ್ಲ. ವೈದ್ಯನಿಗೆ ಆಸ್ಪತ್ರೆ ಬೇಕು, ರಸಾಯನಜ್ಞನಿಗೆ ಪ್ರಯೋಗಶಾಲೆ ಬೇಕು. ಅಲ್ಲಿಯ ಗಡಿಯಾರವು ಅವನ ಕೈಯಲ್ಲಿಲ್ಲ. ಗಣಿತಜ್ಞನಿಗೆ ಬೇಕಾದುದು ಬಹುಮಟ್ಟಿಗೆ ಕಾಗದ, ಪೆನ್ಸಿಲು, ಗ್ರಂಥಾಲಯ ಮತ್ತು ಅಡೆತಡೆಯಿಲ್ಲದ ನಾಲ್ಕು ಗಂಟೆಗಳು. ಆ ನಾಲ್ಕು ಗಂಟೆಗಳನ್ನು ಹತ್ತು ಗಂಟೆಗಳಾಗಿ ಎಳೆದರೆ ಫಲವು ಆ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಫ್ರಾನ್ಸಿನ ಗಣಿತಜ್ಞ ಆನ್ರಿ ಪೊಂಕಾರೆ (೧೮೫೪–೧೯೧೨) ತನ್ನ ಅನುಭವವನ್ನು ಬರೆದಿಟ್ಟಿದ್ದಾನೆ: ಗಣಿತದ ವಿಚಾರವೊಂದು, ಪ್ರವಾಸದಲ್ಲಿ ಗಾಡಿಯ ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣದಲ್ಲಿ ಹೊಳೆಯಿತಂತೆ. ಆದರೆ ಆ ಹೊಳಹಿಗೆ ಮುಂಚೆ ಕಷ್ಟಪಟ್ಟು ದುಡಿದಿರಬೇಕು, ಆಮೇಲೆಯೂ ದುಡಿಯಬೇಕು ಎಂದು ಅವನೇ ಎಚ್ಚರಿಸಿದ್ದಾನೆ. ಕುಳಿತ ಜಾಗದಿಂದ ಎದ್ದು ಬೇರೊಂದು ಕೆಲಸದಲ್ಲಿ ಮೈಮನಗಳನ್ನು ತೊಡಗಿಸುವುದು ಗಣಿತಜ್ಞನಿಗೆ ಕಾಲಹರಣವಲ್ಲವೆಂಬುದು ಇದರಿಂದ ಸಿದ್ಧ. ಆ ಬೇರೆ ಕೆಲಸವು ಸಂಜೆಯ ಹರಟೆಯಾಗುವ ಬದಲು ಎರಡು ಗಂಟೆಗಳ ಅಡವು ಅಭ್ಯಾಸವಾದರೆ ನಷ್ಟವೇನು?

ಹಾಗಾದರೆ ಬಿಡಬೇಕಾದುದು ಯಾವುದು? ನಿತ್ಯದ ಅಭ್ಯಾಸವನ್ನು ಬಿಡಕೂಡದು; ಪ್ರದರ್ಶನಗಳ ಸಂಖ್ಯೆಯನ್ನು ಬಿಡಬಹುದು. ವರ್ಷಕ್ಕೆ ಇಪ್ಪತ್ತು ವೇದಿಕೆಗಳನ್ನೇರುವ ನರ್ತಕಿಯು ಸಂಶೋಧನೆಯ ವರ್ಷಗಳಲ್ಲಿ ಎರಡನ್ನು ಮಾತ್ರ ಏರಲಿ. ಹೊಸ ವರ್ಣವನ್ನು ಕಲಿಯುವುದಕ್ಕೆ ಆರು ತಿಂಗಳ ಬದಲು ಒಂದೂವರೆ ವರ್ಷ ಹಿಡಿಯಲಿ. ಅಭಿನಯವು ವಯಸ್ಸಿನೊಡನೆ ಮಾಗುವ ವಿದ್ಯೆ, ಅದು ಕಾಯುತ್ತದೆ. ದೇಹದ ಅಡಿಪಾಯವು ಮಾತ್ರ ಕಾಯುವುದಿಲ್ಲ. ಎರಡು ವರ್ಷ ಗೆಜ್ಜೆಯನ್ನು ಮುಟ್ಟದೆ ಬಿಟ್ಟವಳು ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಪರೀಕ್ಷೆಯ ವರ್ಷದಲ್ಲಿ ಗೆಜ್ಜೆಯನ್ನು ಪೆಟ್ಟಿಗೆಗೆ ಹಾಕುವ ತಂದೆತಾಯಿಗಳು ಅರಿಯದಿರುವುದು ಇದನ್ನೇ. ದಿನಕ್ಕೆ ಮುಕ್ಕಾಲು ಗಂಟೆಯನ್ನು ಉಳಿಸಿಕೊಟ್ಟಿದ್ದರೆ ಸಾಕಾಗಿತ್ತು. ಅದನ್ನು ಕಸಿದುಕೊಂಡುದರಿಂದ ಹತ್ತು ವರ್ಷಗಳ ಗಳಿಕೆಯು ಹೋಯಿತು. ಅಂತೆಯೇ, ನೃತ್ಯವನ್ನೇ ನಂಬಿ ಗಣಿತವನ್ನು ಬಿಟ್ಟ ಹುಡುಗಿಗೂ ಮರಳುವ ದಾರಿ ಸುಲಭವಲ್ಲ. ಒಂದರ ಮೇಲೊಂದು ಕಟ್ಟಿದ ಆ ವಿದ್ಯೆಯಲ್ಲಿ ನಡುವಿನ ಎರಡು ಅಂತಸ್ತುಗಳನ್ನು ಬಿಟ್ಟು ಮೇಲಕ್ಕೆ ಹತ್ತಲಾಗದು.

ಹಣದ ವಿಷಯವನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ನಮ್ಮಲ್ಲಿ ನೃತ್ಯ ಒಂದರಿಂದಲೇ ಜೀವಿಸುವವರು ಕೆಲವರೇ. ಹಾಡುಗಾರರು, ಮೃದಂಗ, ನಟ್ಟುವಾಂಗ, ಉಡುಪು, ಸಭಾಂಗಣ ಇವುಗಳ ವೆಚ್ಚವು ಸಂಭಾವನೆಯನ್ನು ನುಂಗಿ ಮನೆಯವರ ಕೈಯಿಂದಲೂ ತೆಗೆಸುವುದು ಸಾಮ್ಯಾನ್ಯ ಅನುಭವ. ಕಾಲೇಜಿನಲ್ಲಿಯೋ ಸಂಶೋಧನಾಲಯದಲ್ಲಿಯೋ ಗಣಿತದಿಂದ ಸಂಬಳ ಪಡೆಯುವವಳು ಯಾರ ಮರ್ಜಿಗೂ ಕಾಯಬೇಕಾಗಿಲ್ಲ. ತನಗೆ ಸರಿಕಂಡುದನ್ನು ಸರಿಕಂಡಾಗ ಕುಣಿಯಬಹುದು. ಇದು ದೊಡ್ಡ ಸ್ವಾತಂತ್ರ್ಯ. ಆದರೆ ಈ ಸ್ವಾತಂತ್ರ್ಯಕ್ಕೆ ಒಂದು ಹೊಣೆಯೂ ಅಂಟಿಕೊಂಡಿದೆ. ಸಂಬಳವಿರುವವರು "ನಮಗೆ ಹಣ ಬೇಡ" ಎಂದು ಪುಕ್ಕಟೆಯಾಗಿ ವೇದಿಕೆಗಳನ್ನೇರಿದರೆ, ನೃತ್ಯವನ್ನೇ ಅನ್ನವಾಗಿ ನಂಬಿದವರ ತಟ್ಟೆಗೆ ಕೈಹಾಕಿದಂತಾಗುತ್ತದೆ. ಉದಾರತೆಯೆಂದು ಅವರು ತಿಳಿದುದು ಇನ್ನೊಬ್ಬರಿಗೆ ಉಪವಾಸವಾಗಬಹುದು. ನಿಯಮಗಳು ಒಪ್ಪುವಲ್ಲಿ ತಕ್ಕ ಸಂಭಾವನೆಯನ್ನು ಕೇಳಬೇಕು. ಪಕ್ಕವಾದ್ಯದವರಿಗೆ ಪೂರ್ಣವಾಗಿ ಕೊಡಬೇಕು. ವೃತ್ತಿನರ್ತಕರಿಗೆ ಮೀಸಲಾದ ಅವಕಾಶಗಳಿಗೆ ಅಡ್ಡಬರಬಾರದು.

ಕೊನೆಯದಾಗಿ, ವೇಳೆಯನ್ನು ಏರ್ಪಡಿಸುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರಿಗೆ ನಮ್ಮ ವಿಜ್ಞಾಪನೆ. ೧೯೬೪ರ ಕೇಂದ್ರ ಸಿವಿಲ್ ಸೇವೆಗಳ ನಡತೆ ನಿಯಮಗಳಲ್ಲಿ ೧೫ನೆಯ ನಿಯಮವು, ಕರ್ತವ್ಯಕ್ಕೆ ಕುಂದು ಬಾರದಿದ್ದರೆ ಸಾಹಿತ್ಯ, ಕಲೆ, ವಿಜ್ಞಾನಗಳಿಗೆ ಸಂಬಂಧಿಸಿದ ಸಾಂದರ್ಭಿಕ ಕಾರ್ಯಗಳನ್ನು ನೌಕರನು ಪೂರ್ವಾನುಮತಿಯಿಲ್ಲದೆಯೂ ಕೈಗೊಳ್ಳಬಹುದೆಂದು ಒಪ್ಪಿದೆ. ಕಾನೂನಿಗಿಂತ ಕಚೇರಿಯ ಮನೋಭಾವವೇ ಹೆಚ್ಚು ಬಿಗಿಯಾಗಿರುವುದುಂಟು. ಅಧ್ಯಾಪಕಿಯೊಬ್ಬಳು ನೃತ್ಯ ಮಾಡಿದಳೆಂದರೆ ಆಕೆಯ ಗಣಿತದಲ್ಲಿ ಗಾಂಭೀರ್ಯವಿಲ್ಲವೆಂದು ಹುಬ್ಬೇರಿಸುವ ಹಿರಿಯರು, ಅದೇ ಕಾಲವನ್ನು ಕ್ಲಬ್ಬಿನಲ್ಲಿ ಇಸ್ಪೀಟಾಡಿ ಕಳೆಯುವ ಅಧ್ಯಾಪಕನ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. ಕಲೆ ವಿಜ್ಞಾನಗಳ ನಡುವೆ ಗಟ್ಟಿಯಾದ ಗೋಡೆಯಿರಬಾರದೆಂದು ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಘೋಷಿಸಿತು. ಘೋಷಣೆಯಿಂದ ಗೋಡೆ ಬೀಳುವುದಿಲ್ಲ. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ದಿನಗಳು ಕಾಲೇಜು ಪರೀಕ್ಷೆಗಳ ದಿನಗಳೊಡನೆ ಡಿಕ್ಕಿ ಹೊಡೆಯದಂತೆ ನೋಡಿಕೊಳ್ಳುವುದು, ಕಾಲೇಜಿನ ಒಂದು ಖಾಲಿ ಕೊಠಡಿಯನ್ನು ಬೆಳಗಿನ ಒಂದು ಗಂಟೆ ಅಭ್ಯಾಸಕ್ಕೆ ಬಿಟ್ಟುಕೊಡುವುದು, ಸಂಶೋಧನಾ ವಿದ್ಯಾರ್ಥಿನಿಗೆ ವರ್ಷದಲ್ಲಿ ನಾಲ್ಕು ದಿನ ರಜೆಯನ್ನು ಮುಖ ಸಿಂಡರಿಸದೆ ಕೊಡುವುದು: ಗೋಡೆಯನ್ನು ಕೆಡಹುವ ಹಾರೆ ಗುದ್ದಲಿಗಳು ಇವೇ. ಇವುಗಳಿಗೆ ಹೊಸ ಕಾನೂನು ಬೇಡ, ಬೊಕ್ಕಸದಿಂದ ದೊಡ್ಡ ಮೊತ್ತವೂ ಬೇಡ.

ಎಲ್ಲರೂ ಎರಡನ್ನೂ ಮಾಡಬೇಕೆಂದು ನಾವು ಹೇಳುವವರಲ್ಲ. ಒಂದನ್ನೇ ಹಿಡಿದು ಅದರ ತುದಿಯನ್ನು ಮುಟ್ಟುವವರಿಗೆ ನಮಸ್ಕಾರ. ಎರಡರಲ್ಲಿಯೂ ಆಸಕ್ತಿಯಿದ್ದು ಶಕ್ತಿಯಿಲ್ಲದವರು ಒಂದನ್ನು ತಾವಾಗಿಯೇ ಬಿಡುತ್ತಾರೆ, ಅದರಲ್ಲಿ ದುಃಖವಿಲ್ಲ. ಶಕ್ತಿಯೂ ಆಸಕ್ತಿಯೂ ಉಳ್ಳವರಿಂದ, ಅವರನ್ನು ಕೇಳದೆ, ಹದಿನೈದನೆಯ ವಯಸ್ಸಿನಲ್ಲಿ ಒಂದನ್ನು ನಾವು ಕಸಿದುಕೊಳ್ಳುವುದು ಮಾತ್ರ ಸರಿಯಲ್ಲ. ಮುಂದಿನ ಪರೀಕ್ಷೆಯ ಕಾಲ ಬಂದಾಗ, ಮನೆಯ ಹಿರಿಯರು ಗೆಜ್ಜೆಯನ್ನು ಪೆಟ್ಟಿಗೆಗೆ ಹಾಕುವುದಕ್ಕೆ ಮುಂಚೆ ಮಗಳನ್ನು ಎದುರಿಗೆ ಕೂರಿಸಿಕೊಂಡು ದಿನದ ಇಪ್ಪತ್ತನಾಲ್ಕು ಗಂಟೆಗಳನ್ನು ಒಂದು ಕಾಗದದ ಮೇಲೆ ಬರೆದು ಲೆಕ್ಕ ಹಾಕಲಿ. ಲೆಕ್ಕದಲ್ಲಿ ಜಾಣೆಯಾದ ಹುಡುಗಿ. ಮುಕ್ಕಾಲು ಗಂಟೆಯನ್ನು ಎಲ್ಲಿಂದ ತೆಗೆಯಬಹುದೆಂಬುದನ್ನು ಆಕೆಯೇ ತೋರಿಸಿಕೊಡುವಳು.